ಹಿಮದಲ್ಲಿ ಸಾಲು ನಿಂತು ಸಮುದ್ರ ನೋಡಿದವರು

ವಿಚಿಟಾ ಅನ್ನೋದು ಅಮೆರಿಕದ ಕಾನ್ಸಸ್ ರಾಜ್ಯದ ಊರು. ದೇಶದ ನಟ್ಟ ನಡುವೆ ಇದೆ, ಸುತ್ತ ಗೋಧಿ ಹೊಲ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗೋಕೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ಹೋಗಬೇಕು. ಅಂಥ ಊರಲ್ಲಿ ನಡು ಚಳಿಗಾಲದಲ್ಲಿ, ಹಿಮದಲ್ಲಿ, ಜನ ಟಾಕೀಸಿನ ಮುಂದೆ ಸಾಲು ನಿಂತರು. ಒಳಗೆ ಓಡುತ್ತಿದ್ದದ್ದು ‘ದಿ ಎಂಡ್‌ಲೆಸ್ ಸಮ್ಮರ್’. ಸರ್ಫಿಂಗ್, ಅಂದ್ರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋ ಆಟದ ಸಿನಿಮಾ; ಇಬ್ಬರು ಹುಡುಗರು ಹಲಗೆ ಹಿಡಿದುಕೊಂಡು, ಅಲೆ ಹುಡುಕುತ್ತಾ ಲೋಕ ಸುತ್ತುತ್ತಾರೆ. ಹೀರೋಯಿನ್ ಇಲ್ಲ, ವಿಲನ್ ಇಲ್ಲ, ಕಥೆ ಅಂತ ಹೇಳಿಕೊಳ್ಳುವಂಥದ್ದೂ ಇಲ್ಲ. ಎರಡು ವಾರ ಹೌಸ್‌ಫುಲ್ ಓಡಿತು.

ಈ ಸಿನಿಮಾ ಮಾಡಿದ ಬ್ರೂಸ್ ಬ್ರೌನ್ ವಿಚಿಟಾವನ್ನು ಬೇಕಂತಲೇ ಆರಿಸಿಕೊಂಡಿದ್ದರು. ಹಂಚಿಕೆದಾರರು ಅವರನ್ನು ವಾಪಸ್ ಕಳಿಸಿದ್ದರು. ಸಮುದ್ರ ಇಲ್ಲದ ಊರಲ್ಲಿ ಇದನ್ನು ಯಾರು ನೋಡ್ತಾರೆ ಅನ್ನೋದು ಅವರ ವಾದ. ಸರಿ, ಹಾಗಾದರೆ ಸಮುದ್ರವೇ ಇಲ್ಲದ ಊರಲ್ಲಿ ಹಾಕಿ ನೋಡೋಣ ಅಂತ ಹೋದರು. ಅಲ್ಲಿ ಗೆದ್ದು ಬಂದ ಮೇಲೂ ನ್ಯೂಯಾರ್ಕಿನವರು ಒಪ್ಪಲಿಲ್ಲ. ಆಗ ಬ್ರೌನ್ 1966ರಲ್ಲಿ ನ್ಯೂಯಾರ್ಕಿನ ಕಿಪ್ಸ್ ಬೇ ಥಿಯೇಟರನ್ನು ತಾವೇ ಬಾಡಿಗೆಗೆ ಹಿಡಿದರು. ಅಲ್ಲಿ 47 ವಾರ ಓಡಿತು. 50 ಸಾವಿರ ಡಾಲರಿನಲ್ಲಿ, 16 ಎಂಎಂ ಕ್ಯಾಮೆರಾದಲ್ಲಿ ತೆಗೆದ ಸಿನಿಮಾ ಅದು. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೆ ಇದನ್ನೂ ಸೇರಿಸಿತು.

ನನಗೆ ಈ ಕಥೆ ಯಾಕೆ ಇಷ್ಟ ಅಂದ್ರೆ, ನಾನೂ ಒಂಥರಾ ವಿಚಿಟಾದವಳೇ. ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಬ್ಯಾಂಕ್ ಕೆಲಸದ ವರ್ಗಾವಣೆ ನನ್ನನ್ನು ಮೂಲ್ಕಿಗೆ ತಂದು ಹಾಕಿತು. ಶಾಂಭವಿ ಹೊಳೆ ಸಮುದ್ರ ಸೇರುವ ಕಡೆ ಮನೆ. ಭಾನುವಾರ ಬೆಳಿಗ್ಗೆ ಹಲಗೆ ಹೊತ್ತುಕೊಂಡು ಹೋಗುವ ಹುಡುಗರು ಇಲ್ಲಿ ಮಾಮೂಲಿ ನೋಟ. ಭಾರತದಲ್ಲಿ ಸರ್ಫಿಂಗ್ ಬೇರುಬಿಟ್ಟ ಜಾಗಗಳಲ್ಲಿ ಮೂಲ್ಕಿಯೂ ಒಂದು. ಜ್ಯಾಕ್ ಹೆಬ್ನರ್ ಅಂತ, ಅರವತ್ತರ ದಶಕದಲ್ಲಿ ಫ್ಲಾರಿಡಾದಲ್ಲಿ ಸರ್ಫಿಂಗ್ ಕಲಿತವರು ಆಮೇಲೆ ಸನ್ಯಾಸಿಯಾಗಿ, 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ‘ಸರ್ಫಿಂಗ್ ಸ್ವಾಮಿ’ ಅಂದ್ರೆ ಇಲ್ಲಿ ಎಲ್ಲರಿಗೂ ಗೊತ್ತು. 2016ರಲ್ಲಿ ಪಕ್ಕದ ಸಸಿಹಿತ್ಲು ಬೀಚಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಕೂಡ ಆಯ್ತು.

ಹಾಗಾಗಿ ಈ ಸಿನಿಮಾವನ್ನು ಎರಡೂ ಕಡೆ ಹಾಕಿ ನೋಡುವ ಆಸೆ ಹುಟ್ಟಿತು. ಸಮುದ್ರದ ಮಗ್ಗುಲಲ್ಲಿ ಇರುವವರಿಗೆ ಒಮ್ಮೆ, ಸಮುದ್ರದಿಂದ ದೂರ ಇರುವವರಿಗೆ ಒಮ್ಮೆ.

ಮೂಲ್ಕಿಯಲ್ಲಿ ಹಾಕಿದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಪರ್ಸೀನ್ ಬೋಟಿನಲ್ಲಿ (ದೊಡ್ಡ ಸುತ್ತುಬಲೆ ಹಾಕುವ ಮೀನುಗಾರಿಕೆ ಬೋಟು) ತಾಂಡೇಲರಾಗಿರುವ, ಅಂದ್ರೆ ಬೋಟು ನಡೆಸುವ, ಪಕ್ಕದ ಮನೆ ಅಣ್ಣ ಮನೆಯಲ್ಲೇ ಇದ್ದರು. ಅವರ ಅಮ್ಮ, ಹೆಂಡತಿ, ಸರ್ಫಿಂಗ್ ಕಲಿಯುವ ಎರಡು ಮೂರು ಹುಡುಗರು, ನಮ್ಮ ಬ್ರಾಂಚಿನ ಒಂದಿಬ್ಬರು ಬಂದರು. ಸಹೋದ್ಯೋಗಿಯಿಂದ ಪ್ರೊಜೆಕ್ಟರ್ ತಂದಿದ್ದೆ, ಪಡಸಾಲೆ ಗೋಡೆಯೇ ಪರದೆ. ಹೊರಗೆ ಮಳೆ ಹೊಡೆಯುವ ಸದ್ದಿಗೆ ಇಂಗ್ಲಿಷ್ ಮಾತು ಕೇಳುತ್ತಿರಲಿಲ್ಲ. ಸೌಂಡ್ ಕಡಿಮೆ ಮಾಡಿ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಇದರಲ್ಲಿ ತಮಾಷೆ ಏನಂದ್ರೆ, ಬ್ರೌನ್ ಕೂಡ ಮೊದಲು ಹೀಗೇ ಮಾಡಿದ್ದು. ಸಿನಿಮಾಗೆ ಧ್ವನಿ ಸೇರಿಸಿ ಟಾಕೀಸಿಗೆ ಬಿಡುವ ಮುಂಚೆ ಕ್ಯಾಲಿಫೋರ್ನಿಯಾ ಕರಾವಳಿಯ ಸ್ಕೂಲ್ ಹಾಲ್, ಟೌನ್ ಹಾಲ್ ಬಾಡಿಗೆಗೆ ಹಿಡಿದು, ರೀಲು ಹಾಕಿ, ಮೈಕ್ ಹಿಡಿದು ತಾವೇ ಮಾತಾಡುತ್ತಿದ್ದರು. ಟೇಪಿನಲ್ಲಿ ಸಂಗೀತ. ಆಗಿನ ಸರ್ಫ್ ಸಿನಿಮಾಗಳೆಲ್ಲ ಹೀಗೇ ಊರೂರು ಸುತ್ತುತ್ತಿದ್ದವು. ತಾಳಮದ್ದಳೆಯಲ್ಲಿ ಅರ್ಥಧಾರಿ ಸಭೆಯ ಮುಖ ನೋಡಿ ಮಾತು ಎಳೆಯೋದು, ಮೊಟಕು ಮಾಡೋದು ಇರುತ್ತಲ್ಲ, ಅದೇ ಥರ. ಇವತ್ತು ನಾವು ಕೇಳುವ ಆ ಆರಾಮದ ಧ್ವನಿ ಸ್ಟುಡಿಯೋದಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ ಅಂತ ಕೇಳಿದರೇ ಗೊತ್ತಾಗುತ್ತೆ. ಎಷ್ಟೋ ಸಭೆಗಳ ನಗು ಅದರೊಳಗಿದೆ.

ಸರ್ಫಿಂಗ್ ಹುಡುಗರು ಮೊದಲ ಐದು ನಿಮಿಷದಲ್ಲೇ ಕೂಗಿದರು: “ಮೇಡಂ, ಲೀಶ್ ಇಲ್ಲ!” ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗ ಅದು. ಆಗಿನ್ನೂ ಬಂದಿರಲಿಲ್ಲ, ಎಪ್ಪತ್ತರ ದಶಕದಲ್ಲಿ ಬಂದದ್ದು. ಬಿದ್ದರೆ ಹಲಗೆ ದಡಕ್ಕೆ ಹೋಗುತ್ತೆ, ನೀವು ಈಜಿಕೊಂಡು ಹಿಂದೆ ಹೋಗಬೇಕು. ಅಲ್ಲಿಂದ ಮುಂದೆ ಅವರು ನೋಡಿದ್ದು ಅದನ್ನೇ. ಪರದೆ ಮೇಲಿನ ರಾಬರ್ಟ್ ಆಗಸ್ಟ್, ಮೈಕ್ ಹಿನ್ಸನ್ ಬಿದ್ದಾಗೆಲ್ಲ “ಹೋಯ್ತು, ಹೋಯ್ತು” ಅಂತ ಹಲಗೆಗಾಗಿ ಕೊರಗಿದರು.

ತಾಂಡೇಲ ಅಣ್ಣ ಸವಾರರನ್ನು ನೋಡಲೇ ಇಲ್ಲ ಅನ್ಸುತ್ತೆ. ಅವರ ಕಣ್ಣೆಲ್ಲ ನೀರಿನ ಮೇಲೆ. ದಕ್ಷಿಣ ಆಫ್ರಿಕಾದ ಕೇಪ್ ಸೇಂಟ್ ಫ್ರಾನ್ಸಿಸ್ ಭಾಗ ಬಂತು. ಸಿನಿಮಾದ ಪ್ರಾಣವೇ ಅದು. ಮರಳು ದಿಣ್ಣೆಗಳನ್ನು ಹತ್ತಿ ಇಳಿದು ಬರುತ್ತಾರೆ, ಎದುರಿಗೆ ಅಳತೆ ಮಾಡಿ ಸುತ್ತಿದಂಥ ಅಲೆ. ಒಂದು ಸಲ ಹತ್ತಿದರೆ ಮುಗಿಯೋದೇ ಇಲ್ಲ. ಜಗತ್ತಿನ ಸರ್ಫರ್‌ಗಳು ಈ ಕೆಲವು ನಿಮಿಷ ನೋಡಿ ಹುಚ್ಚು ಹಿಡಿಸಿಕೊಂಡರು. ಅಣ್ಣ ಹೇಳಿದ್ದು ಇಷ್ಟು: “ಕೆಳಗೆ ಎಂಥದೋ ಗಟ್ಟಿ ಉಂಟು ಮೇಡಂ. ಇಲ್ಲದಿದ್ರೆ ಅಲೆ ಹೀಗೆ ಸಾಲು ಹಿಡಿದು ಮುರಿಯೋದಿಲ್ಲ. ನಮ್ಮ ಅಳಿವೆಯಲ್ಲಿ ಹೀಗೆ ಮುರಿದ್ರೆ ಬೋಟು ಒಳಗೆ ತರೋದು ಹೇಗೆ ಮಾರಾಯ್ರೆ?” ನೋಡುವವರ ಉಸಿರು ನಿಲ್ಲಿಸಿದ ಅಲೆ ಇವರ ಲೆಕ್ಕದಲ್ಲಿ ಒಂದು ದಿನದ ದುಡಿಮೆಗೆ ಕುತ್ತು.

ಅವರು ಮನಸಾರೆ ನಕ್ಕದ್ದು ಆಸ್ಟ್ರೇಲಿಯಾದಲ್ಲಿ. ಈ ಹುಡುಗರು ಅಲ್ಲಿಗೆ ಹೋದಾಗ ಅಲೆಯೇ ಇಲ್ಲ. ಹೋದಲ್ಲೆಲ್ಲ ನೀವು ಈಗಲ್ಲ, ನಿನ್ನೆ ಬರಬೇಕಿತ್ತು ಅನ್ನುವ ಮಾತೇ. ಸಿನಿಮಾ ಉದ್ದಕ್ಕೂ ಬರುವ ಜೋಕು ಇದು. “ಇದು ನಮ್ಮ ಬಂದರಿನ ಮಾತು! ನಿನ್ನೆ ಬರಬೇಕಿತ್ತು, ಬಂಗುಡೆ ರಾಶಿ ಬಿದ್ದಿತ್ತು ಅಂತಾರಲ್ಲ,” ಅಂತ ಹೆಂಡತಿ ಕಡೆ ತಿರುಗಿ ತುಳುವಿನಲ್ಲಿ ಇನ್ನೊಮ್ಮೆ ಹೇಳಿ ನಕ್ಕರು.

ಘಾನಾದ ಭಾಗಕ್ಕೆ ಮಾತ್ರ ಪಡಸಾಲೆ ಸ್ವಲ್ಪ ಬಿಗಿಯಾಯಿತು. ಕಪ್ಪು ಮಕ್ಕಳು ದಂಡೆ ತುಂಬಾ ಸೇರುತ್ತಾರೆ, ಹಲಗೆ ಮುಟ್ಟುತ್ತಾರೆ, ತಾವೂ ಹತ್ತುತ್ತಾರೆ. ಬ್ರೌನ್ ಅವರ ವಿವರಣೆ ಅಲ್ಲಿ ಸಲುಗೆಯ ಗೆರೆ ದಾಟುತ್ತದೆ. ನಾಡಿಗರನ್ನು ನೋಡಿ ನಗುವ ಬಿಳಿಯನ ಹಳೇ ಧಾಟಿ. ಇಲ್ಲಿ ಸರ್ಫಿಂಗ್ ತಂದ ಮೊದಲಿಗರು ನಾವೇ ಎನ್ನುವ ಗತ್ತು ಕೂಡ. ನಾನು ಆ ಮಾತುಗಳನ್ನು ಕನ್ನಡಕ್ಕೆ ತರದೆ ಸುಮ್ನಾದೆ. ಆದರೂ ತಾಂಡೇಲರ ಅಮ್ಮ ಕೇಳಿದರು: “ಕಡಲ ಬದಿಯ ಮಕ್ಕಳಿಗೆ ಹಲಗೆ ಗೊತ್ತಿಲ್ವಾ? ನಮ್ಮವರು ಚಿಕ್ಕವರಿದ್ದಾಗ ಮರದ ತುಂಡು ಹಿಡಿದು ಅಲೆಯಲ್ಲಿ ಬರ್ತಿದ್ದರಲ್ಲ.”

ಅಮ್ಮ ಹೇಳಿದ್ದು ಸರಿ. 1834ರಲ್ಲೇ ಜೇಮ್ಸ್ ಅಲೆಕ್ಸಾಂಡರ್ ಅನ್ನುವ ಬ್ರಿಟಿಷ್ ಅಧಿಕಾರಿ ಇದೇ ಘಾನಾದ ಅಕ್ರಾದಲ್ಲಿ, ಹುಡುಗರು ಹೊಟ್ಟೆ ಕೆಳಗೆ ಹಗುರ ಹಲಗೆ ಇಟ್ಟು ಈಜಿ ಹೋಗಿ, ಅಲೆಗೆ ಕಾದು, ಅದರ ಮೇಲೆ ಉರುಳಿ ಬರುವುದನ್ನು ನೋಡಿ ಬರೆದಿಟ್ಟಿದ್ದ. ಕ್ಯಾಲಿಫೋರ್ನಿಯಾದ ಹುಡುಗರು ಬರುವ ನೂರಿಪ್ಪತ್ತೊಂಬತ್ತು ವರ್ಷ ಮುಂಚೆ! ಇವತ್ತಿನ ಪ್ರೇಕ್ಷಕರು ಈ ಭಾಗಕ್ಕೆ ಮುಖ ಸಿಂಡರಿಸುತ್ತಾರೆ, ಸಹಜವೇ. ಆ ಕಾಲ ಹಾಗಿತ್ತು ಬಿಡಿ ಅಂತ ಕೆಲವರು ತೇಲಿಸಿಬಿಡುತ್ತಾರೆ. ನನಗೆ ಹಾಗೆ ಬಿಡೋಕೆ ಆಗಲ್ಲ. ವರ್ಣಭೇದ ನೀತಿ ಇದ್ದ ದಕ್ಷಿಣ ಆಫ್ರಿಕಾದ ಬಗ್ಗೆ ಇದೇ ಬ್ರೌನ್ ಒಂದು ಚುಚ್ಚು ಮಾತು ಹೇಳುತ್ತಾರೆ. ಡಾಲ್ಫಿನ್ ಇರುವ ಕಡೆ ಶಾರ್ಕ್ ಬರಲ್ಲ ಎನ್ನುವ ನಂಬಿಕೆಯನ್ನು ಹಿಡಿದು, ಈ ದೇಶದಲ್ಲಿ ಅವೆರಡೂ ಇನ್ನೂ ಬೆರೆತಿಲ್ಲ ಅಂತ. ಅಂದರೆ ಅವರಿಗೆ ಎಲ್ಲ ಕಾಣುತ್ತಿತ್ತು. ಅಲ್ಲಿ ಕಂಡದ್ದು ಘಾನಾದಲ್ಲಿ ಯಾಕೆ ಕಾಣಲಿಲ್ಲ?

ವಿಜಯಪುರದ ಪ್ರದರ್ಶನ ಮುಂದಿನ ಮೇ ತಿಂಗಳಲ್ಲಿ, ಕಾಕಾನ ಮನೆ ಟಿವಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ನಾಯಿಯೂ ತಿರುಗುತ್ತಿರಲಿಲ್ಲ. ಕಾಕಾ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಾ ಅರ್ಧ ಕಣ್ಣು ಟಿವಿ ಕಡೆ ಇಟ್ಟಿದ್ದರು. ಅವರು ಸಮುದ್ರ ಕಂಡದ್ದು ಗೋಕರ್ಣಕ್ಕೆ ಹೋದಾಗ, ಅಷ್ಟೇ.

ಇಲ್ಲಿ ಕಥೆಯನ್ನು ಟಿಕೆಟ್‌ನಿಂದ ಶುರು ಮಾಡಿದೆ, ಯಾಕಂದ್ರೆ ಕಾಕಾನ ಸ್ವಭಾವ ನನಗೆ ಗೊತ್ತು. ಬ್ರೌನ್‌ಗೆ ಮೊದಲು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬರುವ ಯೋಚನೆ ಮಾತ್ರ ಇತ್ತು. ಟ್ರಾವೆಲ್ ಏಜೆಂಟ್ ಲೆಕ್ಕ ಹಾಕಿ, ಕೇಪ್‌ಟೌನಿಗೆ ಹೋಗಿ ಹಾಗೇ ವಾಪಸ್ ಬರೋದಕ್ಕಿಂತ ಇಡೀ ಭೂಮಿ ಸುತ್ತಿ ಬಂದರೆ 50 ಡಾಲರ್ ಕಡಿಮೆ ಅಂದನಂತೆ. ಸೆನೆಗಲ್, ಘಾನಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ತಾಹಿತಿ, ಹವಾಯಿ ಎಲ್ಲ ಹೀಗೆ ಸೇರಿದ್ದು. ಚಳಿಗಾಲ ಇಲ್ಲದ ಹಾಗೆ ಬೇಸಿಗೆಯ ಹಿಂದೆಯೇ ಹೋಗೋದು ಎನ್ನುವ ಐಡಿಯಾ ಈ ದಾರಿಗೆ ಹೊಂದಿಕೊಂಡಿತು.

ಕಾಕಾ ಎದ್ದು ಕೂತರು. “ಸುತ್ತ ಹಾಕಿದ್ರ ಕಮ್ಮಿ? ಯಾವ ಡಿಪೋದವ ಹಾಕ್ಯಾನವಾ ಈ ರೇಟು?”

ಅಲ್ಲಿಂದ ಅವರು ಕದಲಲಿಲ್ಲ. ಬೇಸಿಗೆ ಹುಡುಕಿಕೊಂಡು ಹೋಗೋದು ಮಾತ್ರ ಇಬ್ಬರಿಗೂ ಜೀರ್ಣ ಆಗಲಿಲ್ಲ. ನಲವತ್ತು ಡಿಗ್ರಿಯಲ್ಲಿ ಕೂತವರ ಮುಂದೆ ಹೇಳುವ ಮಾತಲ್ಲ ಅದು. “ಇಲ್ಲಿಗೆ ಬಂದಿದ್ರ ಪುಕ್ಕಟೆ ಸಿಗ್ತಿತ್ತು,” ಅಂದರು ಚಿಗವ್ವ. ನೈಜೀರಿಯಾದಲ್ಲಿ ನೀರಿನ ಬಿಸಿಗೆ ಹಲಗೆ ಮೇಲಿನ ಮೇಣವೇ ಕರಗುತ್ತದೆ ಅನ್ನುವಾಗ ಅವರಿಗೆ ಆ ಹುಡುಗರ ಮೇಲೆ ಕನಿಕರ ಬಂತು. “ಅವರವ್ವಗ ಗೊತ್ತೈತೋ ಇಲ್ಲೋ? ದುಡಿಮಿ ಇಲ್ಲ ಏನಿಲ್ಲ, ಹಿಂಗ ತಿರಗತಾವಲ್ಲ.” ಆಗಸ್ಟ್‌ಗೆ ಆಗ 18, ಹಿನ್ಸನ್‌ಗೆ 21. ಚಿಗವ್ವನ ಚಿಂತೆ ನ್ಯಾಯವಾದದ್ದೇ.

ಘಾನಾದ ಮಕ್ಕಳು ಬಂದಾಗ ಅವರು ಮೊರ ಕೆಳಗಿಟ್ಟರು. ಹಬ್ಬದ ದಿನ ನಮ್ಮ ಓಣಿ ಹುಡುಗರು ಹೀಗೇ ಮುಗಿಬೀಳ್ತಾರೆ ಅಂತ ಒಂದೊಂದು ಮುಖ ತೋರಿಸಿ ಹೆಸರಿಟ್ಟರು.

ಆಮೇಲೆ ಕೇಪ್ ಸೇಂಟ್ ಫ್ರಾನ್ಸಿಸ್. ನಾನು ಮಾತು ನಿಲ್ಲಿಸಿದೆ. ಹಿನ್ಸನ್ ಅಲೆ ಹತ್ತಿ ಹೋಗುತ್ತಲೇ ಇದ್ದಾನೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕಾಕಾ ಮುಂದಕ್ಕೆ ಬಾಗಿ, ಬಲಗಾಲನ್ನು ಒತ್ತುತ್ತಾ ನೋಡಿದರು. “ಬ್ರೇಕ್ ಇಲ್ಲ, ಗೇರ್ ಇಲ್ಲ... ನೋಡ ನೋಡ, ಹೆಂಗ ಕಟ್ ಹೊಡದಾ!” ಮುಗಿದ ಕೂಡಲೇ ಹಿಂದಕ್ಕೆ ಹಾಕಲು ಹೇಳಿದರು. ಮತ್ತೊಮ್ಮೆ. ಮೂಲ್ಕಿಯಲ್ಲಿ ಯಾರೂ ಹಿಂದಕ್ಕೆ ಹಾಕಿ ಅನ್ನಲಿಲ್ಲ.

ವಿಚಿಟಾದ ಜನ ಕಂಡದ್ದು ಇದನ್ನೇ ಅನ್ನೋದು ನನ್ನ ಅನಿಸಿಕೆ. ಹಂಚಿಕೆದಾರರು ಸರ್ಫಿಂಗ್ ಗೊತ್ತಿದ್ದವರನ್ನು ಮಾತ್ರ ಲೆಕ್ಕ ಹಾಕಿದ್ದರು. ಗೊತ್ತಿದ್ದವರು ತಪ್ಪು ಹುಡುಕುತ್ತಾರೆ, ಹಗ್ಗ ಎಲ್ಲಿ, ಕಲ್ಲು ಎಲ್ಲಿ ಅಂತ ಕೇಳುತ್ತಾರೆ. ಅದೂ ಒಳ್ಳೆ ನೋಟವೇ, ನಾನು ಅದರಿಂದ ಜಾಸ್ತಿ ಕಲಿತೆ. ಆದರೆ ಟಿಕೆಟ್ ತಗೊಂಡು ಇನ್ನೊಮ್ಮೆ ಬರೋದು ಕಾಕಾನಂಥವರು.

ಗೊತ್ತಿದ್ದವರ ಪ್ರತಿಕ್ರಿಯೆಗೆ ಇನ್ನೊಂದು ಮುಖವೂ ಇದೆ. ಸಿನಿಮಾ ನೋಡಿದ ಸರ್ಫರ್‌ಗಳು ಹಲಗೆ ಕಟ್ಟಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಆ ಅಲೆಗೆ ‘ಬ್ರೂಸಸ್ ಬ್ಯೂಟೀಸ್’ ಅಂತಲೇ ಹೆಸರಾಯಿತು. ಹೋದವರಿಗೆ ಗೊತ್ತಾದದ್ದು, ಅದು ಬ್ರೌನ್ ಹೇಳಿದಷ್ಟು ಸಲೀಸಾಗಿ ಬರುವ ಅಲೆ ಅಲ್ಲ, ಅಪರೂಪದ್ದು ಅಂತ. ನಿನ್ನೆ ಬರಬೇಕಿತ್ತು ಎನ್ನುವ ಜೋಕು ಪ್ರೇಕ್ಷಕರ ತಲೆಗೇ ಬಂತು. ಹತ್ತಿರದ ಜೆಫ್ರೀಸ್ ಬೇ ಲೋಕಪ್ರಸಿದ್ಧವಾಯಿತು. ಸೇಂಟ್ ಫ್ರಾನ್ಸಿಸ್ ಸುತ್ತ ರಜೆಯ ಮನೆಗಳು ಎದ್ದವು. ಹುಡುಗರು ನಡೆದಿದ್ದ ಮರಳು ದಿಣ್ಣೆಗಳ ಮೇಲೆ ಗಿಡ ನೆಟ್ಟು ಮರಳನ್ನು ಹಿಡಿದು ನಿಲ್ಲಿಸಿದರು. ಗಾಳಿಗೆ ದಿಣ್ಣೆಯಿಂದ ಕಡಲಿಗೆ ಸೇರುತ್ತಿದ್ದ ಮರಳು ನಿಂತಿತು, ದಂಡೆ ಸವೆಯತೊಡಗಿತು. ತಾಂಡೇಲ ಅಣ್ಣನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಸಸಿಹಿತ್ಲಿನಲ್ಲಿ ದಂಡೆ ಕರಗುವುದನ್ನು ಕಣ್ಣಾರೆ ಕಂಡವರು. “ಮರಳಿಗೂ ದಾರಿ ಬೇಕು ಮೇಡಂ,” ಅಂದು ತಲೆಯಾಡಿಸಿದರು.

1994ರಲ್ಲಿ ಬ್ರೌನ್ ಎರಡನೇ ಭಾಗವನ್ನೂ ಮಾಡಿದರು. ಹೊಸ ಇಬ್ಬರು ಹುಡುಗರು, ಬಣ್ಣ ಚೊಕ್ಕ, ಕ್ಯಾಮೆರಾ ಅಲೆಯ ಒಳಗೇ ಹೋಗುತ್ತೆ. ಕಾಕಾ ಅಷ್ಟು ಮೆಚ್ಚಿದ್ದಾರಲ್ಲ, ಸಂಜೆ ಊಟ ಆದ ಮೇಲೆ ಅದನ್ನೂ ಹಾಕಲಾ ಅಂತ ಕೇಳಿದೆ.

“ಅದರಾಗೂ ಐವತ್ತು ಡಾಲರ್ ಉಳಿಸ್ಯಾರ?”

ಇಲ್ಲ ಕಾಕಾ, ಇದಕ್ಕೆ ದೊಡ್ಡ ಕಂಪನಿ ದುಡ್ಡು ಹಾಕಿದೆ ಅಂದೆ.

“ಹಂಗಾರ ಬ್ಯಾಡ,” ಅಂದು ರಿಮೋಟ್ ಕಸಿದುಕೊಂಡು ವಾರ್ತೆ ಹಾಕಿದರು.