ವಯಲ್‌ನಲ್ಲಿದ್ದ ತಿಳಿ ಹಸಿರು

ಅದೇ ಕ್ಯಾಟಲಿಸ್ಟ್ (ರಿಯಾಕ್ಷನ್‌ನ ವೇಗ ಹೆಚ್ಚಿಸುವ ವಸ್ತು) ತೊಳೆದು ಮತ್ತೆ ಬಳಸಿದ ಐದನೇ ರೀಸೈಕಲ್‌ನಲ್ಲೂ ಕನ್ವರ್ಷನ್, ಅಂದರೆ ಬದಲಾದ ಆಮ್ಲದ ಪಾಲು, ಶೇಕಡಾ 99. ಆ ಸ್ಲೈಡ್ ಹಾಕುವಾಗ ನನಗೆ ತುಂಬಾ ಹೆಮ್ಮೆಯಾಗಿತ್ತು. ಲೆವುಲಿನಿಕ್ ಆಮ್ಲದಿಂದ ಗಾಮಾ-ವ್ಯಾಲೆರೋಲ್ಯಾಕ್ಟೋನ್ ಮಾಡುವ ರಿಯಾಕ್ಷನ್. ಸಾಲ್ವೆಂಟ್ ಬರೀ ನೀರು. ಅದೂ ದುಬಾರಿ ರುಥೇನಿಯಂ ಇಲ್ಲದೆ, ನಿಕ್ಕಲ್ ಕ್ಯಾಟಲಿಸ್ಟ್‌ನಲ್ಲೇ! ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಐದು ಗಂಟೆ ಓಡಿಸಿದ್ದೀರಲ್ಲ, ಅರ್ಧ ಗಂಟೆಗೆ ಎಷ್ಟಿತ್ತು?"

ಅರ್ಧ ಗಂಟೆಯ ಸ್ಯಾಂಪಲ್ ನಾನು ತೆಗೆದೇ ಇರಲಿಲ್ಲ.

ಆಗ ಫಿಲ್ಟ್ರೇಟ್‌ನ, ಅಂದರೆ ಕ್ಯಾಟಲಿಸ್ಟ್ ಸೋಸಿದ ಮೇಲೆ ಉಳಿಯುವ ದ್ರಾವಣದ, ಬಣ್ಣ ನೆನಪಾಯಿತು. ಎರಡನೇ ರನ್‌ನಿಂದಲೇ ಅದರಲ್ಲಿ ತಿಳಿ ಹಸಿರಿತ್ತು. ವಯಲ್ ಹಿಂದೆ ಬಿಳಿ ಹಾಳೆ ಹಿಡಿದರೆ ಚೆನ್ನಾಗಿ ಕಾಣುತ್ತಿತ್ತು. ಹಾಗೆ ಹಿಡಿದು ನೋಡಿಯೂ ಇದ್ದೆ. ಸೈಡ್ ಪ್ರಾಡಕ್ಟ್ ಇರಬಹುದು ಅಂತ ಲ್ಯಾಬ್ ಬುಕ್‌ನಲ್ಲಿ ಬರೆದು ಮುಂದೆ ಹೋಗಿದ್ದೆ. ಹ್ಯೂಮಿನ್ ಅನ್ನುವ ಸೈಡ್ ಪ್ರಾಡಕ್ಟ್ ಆಗಿದ್ದರೆ ಕಂದು ಬರಬೇಕಿತ್ತು ಅಲ್ವಾ? ಹಸಿರು ಯಾಕೆ ಬಂತು? ಅಷ್ಟೂ ಯೋಚಿಸಲಿಲ್ಲ. ಕಣ್ಣೆದುರು ಕಂಡಿದ್ದನ್ನು ಬಿಟ್ಟು ಜಿಸಿಯನ್ನು (ಗ್ಯಾಸ್ ಕ್ರೊಮಟೋಗ್ರಫಿ, ಕನ್ವರ್ಷನ್ ಅಳೆಯುವ ಮಷಿನ್) ನಂಬಿದೆ. ನಿಕ್ಕಲ್ ಕರಗಿದರೆ ನೀರು ಹಸಿರಾಗುತ್ತದೆ, ಆದರೆ ಕರಗಿದ ಲೋಹ ಜಿಸಿಯಲ್ಲಿ ಕಾಣುವುದೇ ಇಲ್ಲ.

ಕರಗಿದ ಲೋಹ ಅಳೆಯುವ ಐಸಿಪಿಗೆ ಎರಡು ವಾರದ ಕ್ಯೂ. ಇಡೀ ಬಿಲ್ಡಿಂಗ್‌ಗೆ ಒಂದೇ ಮಷಿನ್. ಹೊಸ ರಿಯಾಕ್ಟರ್‌ಗೆ ದುಡ್ಡು ಕೊಡುತ್ತಾರೆ, ಅದರಿಂದ ಬಂದಿದ್ದನ್ನು ಅಳೆಯುವುದಕ್ಕೆ ಕೊಡುವುದಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಾಯಲು ಆಗದೆ ಸಂಜೆ ಡಿಎಂಜಿ (ಡೈಮೀಥೈಲ್‌ಗ್ಲಯಾಕ್ಸಿಮ್, ನಿಕ್ಕಲ್ ಇದ್ದರೆ ಕೆಂಪು ತೋರಿಸುವ ರಾಸಾಯನಿಕ) ಬಾಟಲಿ ಹುಡುಕಿದೆ. ಟೆಸ್ಟ್ ಟ್ಯೂಬ್‌ಗೆ ಎರಡು ಎಂಎಲ್ ಫಿಲ್ಟ್ರೇಟ್, ಮೇಲೆ ನಾಲ್ಕು ಹನಿ ಡಿಎಂಜಿ. ಏನೂ ಆಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಬಚಾವಾದೆ ಅನ್ನಿಸಿತು. ಆಮೇಲೆ ಹೊಳೆಯಿತು, ಅಮೋನಿಯಾನೇ ಹಾಕಿಲ್ಲ. ಆಮ್ಲ ಉಳಿದಿದ್ದರೆ ಬಣ್ಣ ಹೇಗೆ ಬರುತ್ತದೆ?

ಕೈ ನಡುಗುತ್ತಿತ್ತು. ಅಮೋನಿಯಾದ ಮೊದಲ ಹನಿ ಬಿದ್ದ ಕಡೆ ಗುಲಾಬಿ ಎಳೆಯೊಂದು ಕಂಡಿತು, ಅಲ್ಲಾಡಿಸಿದರೆ ಮಾಯ. ಇನ್ನೆರಡು ಹನಿ ಬಿಟ್ಟೆ. ಟ್ಯೂಬ್ ತುಂಬಾ ಕುಂಕುಮ ಕದಡಿದ ಹಾಗೆ ಕೆಂಪು ಪ್ರೆಸಿಪಿಟೇಟ್. ಎಲ್ಲಾ ನನ್ನ ನಿಕ್ಕಲ್.

ಮುಂದಿನ ವಾರ ಪೂರ್ತಿ ಅರ್ಧ ಗಂಟೆಯ ರನ್‌ಗಳು. ಹೊಸ ಕ್ಯಾಟಲಿಸ್ಟ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕನ್ವರ್ಷನ್. ಮೂರನೇ ರೀಸೈಕಲ್‌ಗೆ ಕಾಲು ಭಾಗವೂ ಇಲ್ಲ. ನಾನು ಮೊದಲಿನಿಂದಲೂ ಕ್ಯಾಟಲಿಸ್ಟ್ ಜಾಸ್ತಿ ಹಾಕಿ, ಜಾಸ್ತಿ ಹೊತ್ತು ಓಡಿಸಿದ್ದೆ. ಅರ್ಧ ಸತ್ತರೂ ಉಳಿದರ್ಧ ಐದು ಗಂಟೆಯಲ್ಲಿ ಕೆಲಸ ಮುಗಿಸುತ್ತಿತ್ತು. 99 ಸುಳ್ಳಲ್ಲ, ಆದರೆ ಕ್ಯಾಟಲಿಸ್ಟ್ ಗಟ್ಟಿ ಅನ್ನುವುದಕ್ಕೆ ಅದು ಸಾಕ್ಷಿಯೇ ಅಲ್ಲ. ಸ್ಲೈಡ್ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಗುಂಪಿನ ಎಲ್ಲರಿಗೂ ಮೇಲ್ ಹಾಕಿದೆ. ಕಳಿಸುವ ಮುಂಚೆ ಮೂರು ಸಲ ಅಳಿಸಿ ಬರೆದೆ.

ಪ್ರತಿ ರನ್ ಆದ ಮೇಲೆ ಸುಮ್ನೆ ತೊಳೆದು ಓವನ್‌ನಲ್ಲಿ ಒಣಗಿಸುತ್ತಿದ್ದೆ. ಗಾಳಿ ತಗುಲಿ ನಿಕ್ಕಲ್‌ನ ಮೇಲ್ಪದರ ಆಕ್ಸೈಡ್ ಆಗುತ್ತಿತ್ತು. ಮುಂದಿನ ಬ್ಯಾಚ್ ಬಿಸಿಯಾಗುವಷ್ಟರಲ್ಲಿ ಹೊಸ ಆಮ್ಲ ಅದನ್ನು ಕರಗಿಸುತ್ತಿತ್ತು. ಈಗ ನೈಟ್ರೋಜನ್‌ನಲ್ಲೇ ತೊಳೆದು, ಮತ್ತೆ ಹೈಡ್ರೋಜನ್‌ನಲ್ಲಿ ರಿಡ್ಯೂಸ್ ಮಾಡಿ ಹಾಕುತ್ತಿದ್ದೇನೆ. ಹಸಿರು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿನ್ನೆಯ ಟ್ಯೂಬ್ ಕೂಡ ಗುಲಾಬಿಗೆ ತಿರುಗಿತು.