ಏನೂ ಹೊರದ ಕಂಬ

19 ಮೇ 2024, ಭಾನುವಾರ
ಶಿವಮೊಗ್ಗ

ಅತ್ತೆಯ ಮೂಲೆಮನೆ ಕೆಡವಿ ಹೊಸದು ಕಟ್ಟೋಕೆ ಹೆಂಚು ಇಳಿಸುತ್ತಿದ್ದಾರೆ. ಸದ್ದು ಕೇಳಿ ಕಾಫಿ ಲೋಟ ಹಿಡಿದೇ ಹೋದೆ. ಮಳೆ ಹಿಡಿಯುವ ಮುಂಚೆ ಮುಗಿಸಬೇಕಂತೆ. ಹೊಸದೂ ತೊಟ್ಟಿಮನೆಯೇ ಅಂತ ಅತ್ತೆ ಫೋನಿನಲ್ಲಿ ಚಿತ್ರ ತೋರಿಸಿದರು. ಆರ್‌ಸಿಸಿ ಕಾಂಕ್ರೀಟ್ ಚಾವಣಿ ಮೇಲೆ ಹೆಂಚು, ತೊಟ್ಟಿಗೆ ಗಾಜಿನ ಮುಚ್ಚಳ, ಸುತ್ತ ಹಳೇ ಕಂಬಗಳೇ. ಕಂಬ ಉಳಿಯುತ್ತಲ್ಲ ಅಂತ ಸಮಾಧಾನವಾಯಿತು.

ಆಚಾರ್ರು ಒಂದು ಕಂಬ ತಟ್ಟಿ ನೋಡುತ್ತಿದ್ದರು. "ಇದಕ್ಕೇನೂ ಆಗಿಲ್ಲಮ್ಮ. ಇನ್ನೂ ಮೂರು ತಲೆಮಾರು ಹೊರುತ್ತೆ."

"ಹೊಸ ಮನೇಲೂ ಹೊರುತ್ತಲ್ವಾ?"

"ಎಲ್ಲಿ ಹೊರುತ್ತೆ? ಭಾರ ಎಲ್ಲ ಸಿಮೆಂಟ್ ಪಿಲ್ಲರ್‌ಗೆ. ಇದನ್ನ ಸ್ಲ್ಯಾಬ್ ಕೆಳಗೆ ಸುಮ್ನೆ ನಿಲ್ಲಿಸ್ತಾರೆ, ನೋಡೋಕೆ."

ಅಷ್ಟು ಹೇಳಿ ಮುಂದಿನ ಕಂಬಕ್ಕೆ ಹೋದರು. ನನಗೆ ಮಾತ್ರ ಆ ಮಾತು ಅಲ್ಲೇ ಕೂತಿತು.

ಮಧ್ಯಾಹ್ನ ಪುಟ್ಟ ಊಟಕ್ಕೆ ಬಂದಿದ್ದ. ಆರ್ಕಿಟೆಕ್ಚರ್ ಓದುವ ಹುಡುಗ. "ತಪ್ಪೇನು ದೊಡ್ಡಮ್ಮ? ಮೈಸೂರು ಅರಮನೆಯೂ ಹಳೇ ರೂಪವನ್ನ ಹೊಸದಾಗಿ ಕಟ್ಟಿದ್ದೇ. 1897ರಲ್ಲಿ ಮರದ ಅರಮನೆ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ, 1912ಕ್ಕೆ ಮುಗೀತು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣ." ಅಷ್ಟಕ್ಕೇ ಬಿಡಲಿಲ್ಲ. ನಾನು ಹಳೇದು ಅಂತ ಸಂಕಟಪಡುವ ಮಂಗಳೂರು ಹೆಂಚು ಕೂಡ, ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಬಂದದ್ದಂತೆ.

ಅವನು ಹೇಳಿದ್ದೆಲ್ಲ ನಿಜವೇ. ಆದರೂ ಆ ಕಬ್ಬಿಣದ ಕಂಬಗಳು ಹೊರುತ್ತವಲ್ಲ! ಬಣ್ಣದ ಗಾಜಿನ ಚಾವಣಿ ನಿಂತಿರುವುದೇ ಅವುಗಳ ಮೇಲೆ. ಹೆಂಚೂ ಇಲ್ಲಿಯ ಮಳೆಯನ್ನು ಇಷ್ಟು ವರ್ಷ ತಡೆದಿದೆ. ಹೊಸದು ಬರಬಾರದು ಅಂತ ನಾನೆಲ್ಲಿ ಹೇಳಿದೆ? ಇಟ್ಟ ಮೇಲೆ ಅದಕ್ಕೊಂದು ಕೆಲಸ ಇರಬೇಕು.

ಪುಟ್ಟ ಸುಮ್ಮನೆ ಇನ್ನೊಂದು ಸೌಟು ತಂಬುಳಿ ಬಡಿಸಿಕೊಂಡ.

ಸಂಜೆ ಹೊಳೆ ಕಡೆಯಿಂದ ಚೆನ್ನಾಗಿ ಗಾಳಿ ಬೀಸುತ್ತಿತ್ತು. ಮತ್ತೆ ಹೋಗಿ ಆ ಚಿತ್ರ ನೋಡಿದೆ. ಜಗಲಿಯೇ ಇಲ್ಲ. ಬೀದಿಗೆ ಎತ್ತರದ ಕಾಂಪೌಂಡ್, ಒಳಗೆ ಕಾರು. ಕರೆಂಟ್ ಹೋದರೆ ಇಡೀ ಬೀದಿ ಬಂದು ಕೂರುತ್ತಿದ್ದದ್ದು ಆ ಜಗಲಿ ಮೇಲೆ. ಕೋಟೆ ಆಂಜನೇಯನ ಗುಡಿಗೆ ಹೋಗಿ ಬರುವ ಅಜ್ಜಿಯರು ಅಲ್ಲಿ ಕೂತು ನೀರು ಕೇಳುತ್ತಿದ್ದರು. ಅಮ್ಮ ತೀರಿಹೋದ ದಿನ ನಾನು ರಾತ್ರಿ ಪೂರ್ತಿ ಕೂತದ್ದೂ ಅಲ್ಲೇ.

"ಜಗಲಿ ಬಿಟ್ಟುಹೋಗಿದೆ ಅತ್ತೆ" ಅಂದೆ.

"ಈಗ ಯಾರು ಬರ್ತಾರೆ ಕೂರೋಕೆ?" ಅಂದರು. ಹಾಗಂದವರು ಹೋಗಿ ಕೂತದ್ದು ಜಗಲಿ ಮೇಲೇ. ಪಕ್ಕದಲ್ಲಿದ್ದ ಹೆಂಚಿನ ಚೂರು ಸರಿಸಿ ನನಗೂ ಜಾಗ ಮಾಡಿದರು.

ಕಾಂಪೌಂಡ್ ಎರಡೇ ಅಡಿ ಒಳಗೆ ಸರಿದರೆ ಸಾಕಲ್ವಾ? ನಾಳೆ ಪುಟ್ಟನ ಕೈಲಿ ಅಳತೆ ಹಾಕಿಸಿ, ಆಚಾರ್ರು ಇರುವಾಗಲೇ ಅತ್ತೆಗೆ ಹೇಳಬೇಕು.