ಮಗು ಎಷ್ಟು ದಿನ ಕಾಯಿತು? ಅಮೆರಿಕದ ಕೋರ್ಟು ಕಚೇರಿಯಿಂದ ಕಲಬುರಗಿಯವರಿಗೆ

ಕಲಬುರಗಿ ಕಡೆ ಅನುದಾನ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸಿಸಿ ರಸ್ತೆ, ಶಾಲೆ ಕೋಣೆ, ಸಮುದಾಯ ಭವನ. 371(ಜೆ) ಬಂದ ಮೇಲಂತೂ ಯಾವ ತಾಲ್ಲೂಕಿಗೆ ಎಷ್ಟು ಬಂತು, ಎಷ್ಟು ಖರ್ಚಾಗದೆ ಉಳಿಯಿತು ಅನ್ನುವುದು ಚಹಾ ಅಂಗಡಿಯಲ್ಲೂ ನಡೆಯುವ ಮಾತು. ಹಾಗಾಗಿ ನಾನು ಅಮೆರಿಕದಲ್ಲಿ ಅನುದಾನ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ ಅಂದರೆ ಊರಿನವರು ಮೊದಲು ಕೇಳುವುದು, "ಏನೇನ್ ಕಟ್ಟಿಸೀರಿ?" ಅಂತ.

ಏನೂ ಕಟ್ಟಿಸುವುದಿಲ್ಲ. ಆ ಹಣ ಹೋಗುವುದು ಮಕ್ಕಳ ರಕ್ಷಣೆಯ ಕೇಸು ನಡೆಸುವ ಕೋರ್ಟುಗಳು ತಮ್ಮ ಕೆಲಸ ಸುಧಾರಿಸಿಕೊಳ್ಳಲಿ ಅಂತ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಜಿಲ್ಲೆಗಳಿಗೂ ಇದರಲ್ಲಿ ಬೇಕಾದದ್ದು ಇದೆ ಅಂತ ನನಗೆ ಬಲವಾಗಿ ಅನ್ನಿಸಿದೆ.

ಇಲ್ಲಿ ಮನೆಯಲ್ಲಿ ಮಗುವಿಗೆ ಹೊಡೆತ ಬೀಳುತ್ತಿದೆ, ನೋಡಿಕೊಳ್ಳುವವರಿಲ್ಲ, ಅಪ್ಪ ಅಮ್ಮ ಮಾದಕ ವಸ್ತುವಿಗೆ ಬಿದ್ದಿದ್ದಾರೆ ಅಂತ ದೂರು ಬಂದರೆ ಮಕ್ಕಳ ಕಲ್ಯಾಣ ಇಲಾಖೆಯವರು ಬಂದು ವಿಚಾರಿಸುತ್ತಾರೆ. ಅಪಾಯ ಇದೆ ಅನ್ನಿಸಿದರೆ ಮಗುವನ್ನು ಕರೆದುಕೊಂಡು ಹೋಗಿ ಅಜ್ಜಿಯ ಹತ್ತಿರವೋ, ಬೇರೊಂದು ಪೋಷಕ ಕುಟುಂಬದಲ್ಲೋ ಇಡುತ್ತಾರೆ. ಇದಕ್ಕೆ ಫೋಸ್ಟರ್ ಕೇರ್ ಅನ್ನುತ್ತಾರೆ. 2023ರ ಸೆಪ್ಟೆಂಬರ್ ಕೊನೆಗೆ ದೇಶದಲ್ಲಿ ಹೀಗೆ ಇದ್ದ ಮಕ್ಕಳು ಸುಮಾರು 3 ಲಕ್ಷ 40 ಸಾವಿರ. ಆದರೆ ಇಲಾಖೆ ಒಂದೇ ತೀರ್ಮಾನ ಮಾಡುವ ಹಾಗಿಲ್ಲ. ಮಗುವನ್ನು ತಂದದ್ದು ಸರಿಯೋ, ಮನೆಯಲ್ಲೇ ಉಳಿಸಲು ಇಲಾಖೆ ನಿಜವಾಗಿ ಪ್ರಯತ್ನ ಮಾಡಿತ್ತೋ ಅಂತ ನ್ಯಾಯಾಧೀಶರು ನೋಡಲೇಬೇಕು ಅಂತ 1980ರ ಕಾನೂನು ಹೇಳಿತು.

ಕಾನೂನು ಹೇಳಿತು ಸರಿ, ಕೋರ್ಟುಗಳು ಅದಕ್ಕೆ ತಯಾರಿರಲಿಲ್ಲ. ಒಬ್ಬ ನ್ಯಾಯಾಧೀಶರ ಮುಂದೆ ಒಂದೇ ದಿನ ರಾಶಿ ಕೇಸು. ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಹೀಗಾಗಿ 1993ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಂದು ಅನುದಾನ ಶುರು ಮಾಡಿತು. ಹೆಸರು ಕೋರ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಮ್. ಕೇಂದ್ರದಲ್ಲಿ ಇದನ್ನು ನೋಡಿಕೊಳ್ಳುವುದು ಚಿಲ್ಡ್ರನ್ಸ್ ಬ್ಯೂರೋ, 1912ರಲ್ಲಿ ಹುಟ್ಟಿದ ಹಳೆಯ ಕಚೇರಿ. ಹಣ ಇಲಾಖೆಗೆ ಹೋಗದೆ ನೇರವಾಗಿ ಆಯಾ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಬರುತ್ತದೆ. ನ್ಯಾಯಾಧೀಶರಿಗೆ ಹೊರಗಿನವರು ಹೀಗೆ ಮಾಡಿ ಅಂತ ಹೇಳಲಾಗುವುದಿಲ್ಲ, ಅಲ್ವಾ? ಅವರದೇ ದೊಡ್ಡ ಕೋರ್ಟು ಹೇಳಿದರೆ ಕೇಳುತ್ತಾರೆ. ಈ ಯೋಜನೆಯ ಅರ್ಧ ಜಾಣತನ ಅಲ್ಲೇ ಇದೆ. ನಂತರ 2005ರ ಒಂದು ಕಾನೂನಿನಿಂದ ಮಾಹಿತಿ ಸಂಗ್ರಹಕ್ಕೆ ಬೇರೆ, ತರಬೇತಿಗೆ ಬೇರೆ ಹಣ ಸೇರಿತು. 2011ರಲ್ಲಿ ಮೂಲನಿವಾಸಿ ಬುಡಕಟ್ಟುಗಳ ಕೋರ್ಟುಗಳಿಗೂ ಒಂದು ಪಾಲು ಬಂತು.

ಇಡೀ ದೇಶದ ಲೆಕ್ಕದಲ್ಲಿ ಇದು ಸಣ್ಣ ಮೊತ್ತ. ನಾಲ್ಕರಲ್ಲಿ ಒಂದು ಪಾಲನ್ನು ರಾಜ್ಯವೇ ಹಾಕಬೇಕು. ನನ್ನ ಕಚೇರಿಯಲ್ಲಿ ನಾವು ಯೋಜನೆ ಬರೆಯುತ್ತೇವೆ, ಬಿಲ್ಲು ನೋಡುತ್ತೇವೆ, ವರ್ಷಕ್ಕೊಮ್ಮೆ ನಮ್ಮನ್ನು ನಾವೇ ಪರೀಕ್ಷೆ ಮಾಡಿಕೊಂಡು ವರದಿ ಕಳಿಸುತ್ತೇವೆ. ಕಾಗದದ ಕೆಲಸ ಎಲ್ಲಾ ದೇಶದಲ್ಲೂ ಒಂದೇ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ನಾನು ಹೇಳಬೇಕಾದದ್ದು ಎಣಿಸುವ ವಿಷಯ. ಕೋರ್ಟುಗಳು ಯಾವಾಗಲೂ ಕೇಸು ಎಣಿಸುತ್ತವೆ. ಎಷ್ಟು ಬಂತು, ಎಷ್ಟು ಮುಗಿಯಿತು, ಎಷ್ಟು ಬಾಕಿ. ಈ ಅನುದಾನ ಪಡೆದ ಕೋರ್ಟು ಇದರ ಜೊತೆಗೆ ದಿನವನ್ನೂ ಎಣಿಸಬೇಕು. ಮಗು ಮನೆ ಬಿಟ್ಟ ದಿನದಿಂದ ಅದರ ಮುಂದಿನ ಬದುಕು ಎಲ್ಲಿ ಅಂತ ವಿಚಾರಿಸುವ ಮೊದಲ ವಿಚಾರಣೆಗೆ ಎಷ್ಟು ದಿನ? ಮುಂದಿನದಕ್ಕೆ ಎಷ್ಟು? ಕಾಯಂ ಮನೆ ಸಿಗುವ ಹೊತ್ತಿಗೆ ಎಷ್ಟು? 1997ರ ಕಾನೂನಿನ ಪ್ರಕಾರ ಆ ಮೊದಲ ವಿಚಾರಣೆ 12 ತಿಂಗಳೊಳಗೆ ಆಗಬೇಕು. ಹಿಂದಿನ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗೇ ಇದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದು ಮಾಡಿ ಅಂತ ಇಲಾಖೆ ಅರ್ಜಿ ಹಾಕಲೇಬೇಕು. ಎಷ್ಟು ಕಠಿಣ ನೋಡಿ. ತಾಯಿಗೆ ಚಟ ಬಿಡಲು, ಕೆಲಸ ಹುಡುಕಲು ಸಿಗುವ ಕಾಲ ಅಷ್ಟೇ. ಅದರಲ್ಲಿ ಕೋರ್ಟೇ ಮೂರು ತಿಂಗಳು ತಿಂದರೆ ನಷ್ಟ ಆಗುವುದು ತಾಯಿಗೂ ಕೂಸಿಗೂ.

ಕೋರ್ಟು ತಿಂಗಳುಗಳನ್ನು ತಿನ್ನುವುದು ಹೇಗೆ? ತಾರೀಖು ಮುಂದಕ್ಕೆ ಹಾಕಿ. ಈ ಕೆಲಸಕ್ಕೆ ಬಂದ ಮೇಲೆ ನಾನು ಅತಿ ಹೆಚ್ಚು ಓದಿದ್ದು ಮುಂದೂಡಿಕೆಯ ಕಾರಣಗಳನ್ನು. ಅಪ್ಪನಿಗೆ ನೋಟಿಸ್ ಮುಟ್ಟಿಲ್ಲ. ತಾಯಿಯ ವಕೀಲರಿಗೆ ಫೈಲು ಸಿಕ್ಕಿದ್ದು ಅದೇ ದಿನ ಬೆಳಿಗ್ಗೆ. ಇಲಾಖೆಯ ವರದಿ ಬಂದಿಲ್ಲ. ದುಭಾಷಿ ಬಂದಿಲ್ಲ. ನ್ಯಾಯಾಧೀಶರು ಬದಲಾದರು, ಹೊಸಬರು ಓದಿಕೊಳ್ಳಬೇಕು. ಒಂದೊಂದು ಕಾರಣವೂ ತಾನಾಗಿ ನೋಡಿದರೆ ಸರಿಯೇ. ಯಾರೂ ಕೆಟ್ಟವರಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ಆರು ತಿಂಗಳು ಅಂದರೆ ಅದರ ಆಯುಷ್ಯದ ಎಂಟನೇ ಒಂದು ಭಾಗ. ದೊಡ್ಡವರ ಕ್ಯಾಲೆಂಡರಿನಲ್ಲಿ ಇದು ಕಾಣುವುದೇ ಇಲ್ಲ.

ಪರಿಹಾರಗಳು ನೋಡಲು ತುಂಬಾ ಸಾದಾ. ಮುಂದಿನ ತಾರೀಖನ್ನು ಎಲ್ಲರೂ ಕೋರ್ಟಿನಲ್ಲಿ ನಿಂತಿರುವಾಗಲೇ ಗಂಟೆ ಸಮೇತ ಗೊತ್ತು ಮಾಡುವುದು. ಒಂದು ಕುಟುಂಬದ ಕೇಸು ಮೊದಲಿಂದ ಕೊನೆತನಕ ಒಬ್ಬರೇ ನ್ಯಾಯಾಧೀಶರ ಮುಂದೆ ಇರುವ ಹಾಗೆ ನೋಡಿಕೊಳ್ಳುವುದು. ವಕೀಲರಿಗೆ, ನ್ಯಾಯಾಧೀಶರಿಗೆ ತರಬೇತಿ. ಇಲಾಖೆಯ ಕಂಪ್ಯೂಟರ್ ಮತ್ತು ಕೋರ್ಟಿನ ಕಂಪ್ಯೂಟರ್ ಒಂದಕ್ಕೊಂದು ಮಾತಾಡುವ ಹಾಗೆ ಮಾಡುವುದು. ಇನ್ನೊಂದು ನನಗೆ ಬಹಳ ಹಿಡಿಸಿದ್ದು. ಒಬ್ಬರು ವಿಚಾರಣೆಯಲ್ಲಿ ಸುಮ್ನೆ ಹಿಂದೆ ಕೂತು ಬರೆದುಕೊಳ್ಳುತ್ತಾರೆ. ವಿಚಾರಣೆ ಎಷ್ಟು ನಿಮಿಷ ನಡೆಯಿತು? ತಾಯಿಯನ್ನು ಹೆಸರು ಹಿಡಿದು ಕರೆದರಾ? ಮಗುವಿನ ಶಾಲೆ, ಆರೋಗ್ಯದ ಮಾತು ಬಂತಾ? ಮುಂದೆ ಏನು ಮಾಡಬೇಕು ಅಂತ ತಾಯಿಗೆ ಅರ್ಥವಾಗುವ ಹಾಗೆ ಹೇಳಿದರಾ? ಕೊನೆಗೆ ಈ ಟಿಪ್ಪಣಿಗಳನ್ನೆಲ್ಲಾ ಒಟ್ಟುಮಾಡಿ ನ್ಯಾಯಾಧೀಶರಿಗೇ ತೋರಿಸುತ್ತಾರೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ನನ್ನ ದೊಡ್ಡವ್ವನ ಮಗಳು, ನಮ್ಮಕ್ಕ, ಕಲಬುರಗಿಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದಾಳೆ. ಊರಿಗೆ ಹೋದಾಗ ರಾತ್ರಿ ಊಟ ಆದ ಮೇಲೆ ನಮ್ಮಿಬ್ಬರ ಮಾತು ಮುಗಿಯುವುದೇ ಇಲ್ಲ. ವಾಡಿ ಜಂಕ್ಷನ್ ಗೊತ್ತಲ್ಲ, ಮುಂಬೈ, ಹೈದರಾಬಾದ್, ಚೆನ್ನೈ ದಾರಿಗಳು ಕೂಡುವ ಜಾಗ. ಅಲ್ಲಿ ಒಂಟಿ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ನಮ್ಮಲ್ಲಿ ಇಂಥ ಮಕ್ಕಳ ವಿಷಯ ತೀರ್ಮಾನಿಸುವುದು ಈ ಸಮಿತಿಯೇ. ಆಮೇಲೆ ಬಾಲಮಂದಿರ. ಅಪ್ಪ ಅವ್ವ ಪುಣೆಯಲ್ಲೋ ಮುಂಬೈಯಲ್ಲೋ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಮನೆ ಯಾದಗಿರಿಯ ಯಾವುದೋ ತಾಂಡಾ. ಊರಲ್ಲಿ ಇರುವುದು ಕಣ್ಣು ಕಾಣದ ಅಜ್ಜಿ ಮಾತ್ರ. ಆ ಜಿಲ್ಲೆಯಿಂದ ಮನೆ ವರದಿ ಬರಬೇಕು, ಹೆತ್ತವರು ಕೂಲಿ ಬಿಟ್ಟು ಬರಬೇಕು, ಅವರ ಹತ್ತಿರ ಕಾಗದಪತ್ರ ಇರಬೇಕು.

ನಾನು ನನ್ನ ಲೆಕ್ಕದ ಕಥೆ ಹೇಳಿದಾಗ ಅಕ್ಕ ಕೇಳಿದಳು, "ಹಿಂಗ್ ದಿನಾ ಎಣಿಸಿದ್ರ ಕೂಸಿಗೆ ಏನ್ ಸಿಗ್ತದವ್ವಾ?"

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು. ಎಣಿಸಿದರೆ ದಿನಗಳು ಎಲ್ಲಿ ಹೋದವು ಅಂತ ಗೊತ್ತಾಗುತ್ತದೆ. ಅಮೆರಿಕದಲ್ಲೂ ಅಜ್ಜಿ ಬೇರೆ ರಾಜ್ಯದಲ್ಲಿದ್ದರೆ ಅವಳ ಮನೆ ನೋಡಿ ವರದಿ ಬರುವ ತನಕ ಮಕ್ಕಳು ಕಾಯುತ್ತಿದ್ದರು. ದಿನ ಎಣಿಸಿದವರು ತಡ ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು. 2006ರಲ್ಲಿ ಆ ವರದಿ 60 ದಿನದೊಳಗೆ ಬರಬೇಕು ಅಂತ ಕಾನೂನೇ ಆಯಿತು. ಈಗಲೂ ತಡ ಆಗುತ್ತದೆ, ಆದರೆ ಯಾರ ಮೇಜಿನ ಮೇಲೆ ನಿಂತಿದೆ ಅಂತ ಕೇಳಲು ಬರುತ್ತದೆ.

ನಮ್ಮ ಕಾಯ್ದೆಯಲ್ಲಿ ಗಡುವಿಗೆ ಕೊರತೆ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆ ಸಾಮಾಜಿಕ ತನಿಖೆಗೆ 15 ದಿನ, ಕೊನೆಯ ಆದೇಶಕ್ಕೆ ನಾಲ್ಕು ತಿಂಗಳು ಅನ್ನುತ್ತದೆ. ಸಮಿತಿ ತಿಂಗಳಲ್ಲಿ ಕನಿಷ್ಠ 20 ದಿನ ಕೂರಬೇಕು. ಬೇರೆ ಜಿಲ್ಲೆಯ ಮಗುವಾದರೆ ಅಲ್ಲಿನ ಸಮಿತಿಗೆ ಒಪ್ಪಿಸಲು 95ನೇ ಕಲಂ ಇದೆ. ಮೂರು ತಿಂಗಳಿಗೊಮ್ಮೆ ಬಾಕಿ ಕೇಸಿನ ವರದಿ ಜಿಲ್ಲಾಧಿಕಾರಿಗೆ ಹೋಗಬೇಕು. ಆ ವರದಿಯ ಜೊತೆಗೆ ಇನ್ನೊಂದು ಪುಟ ಇರಲಿ ಅನ್ನುವುದು ನನ್ನ ಆಸೆ. ಪ್ರತಿ ಮಗು ಎಷ್ಟು ದಿನ ಕಾಯಿತು, ಯಾವ ಕಾಗದಕ್ಕಾಗಿ ಕಾಯಿತು, ಅಷ್ಟೇ. ಇದಕ್ಕೆ ಕೋಟಿ ರೂಪಾಯಿ ಬೇಡ. ಒಬ್ಬರು ಲೆಕ್ಕ ಇಡುವವರು, ಸಮಿತಿಯವರಿಗೆ ಒಳ್ಳೆಯ ತರಬೇತಿ, ಗುಳೆ ಹೋದ ತಾಯಿ ಬಂದು ಹೋಗಲು ಬಸ್ಸು ಚಾರ್ಜು. ಈ ಪ್ರದೇಶಕ್ಕೆಂದೇ ಬರುವ ಅನುದಾನದಲ್ಲಿ ಇಷ್ಟು ತೆಗೆದಿಡಲು ಆಗುವುದಿಲ್ಲವೇ? ದೂರ ಅನ್ನುವುದು ನ್ಯಾಯಕ್ಕೆ ಎಷ್ಟು ಅಡ್ಡಿ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬರುವ ತನಕ ನಮ್ಮವರು ಬೆಂಗಳೂರಿನ ರೈಲು ಹತ್ತುತ್ತಿದ್ದರು. 2013ರಲ್ಲಿ ಅದು ಕಾಯಂ ಆಯಿತು. ಬಾಲಮಂದಿರದಲ್ಲಿರುವ ಕೂಸಿನ ತಾಯಿಗೆ ಈಗಲೂ ಅಂಥದ್ದೇ ದೂರ ಇದೆ.

ಅಮೆರಿಕದ್ದೆಲ್ಲಾ ಚಿನ್ನ ಅಂತ ಖಂಡಿತ ಹೇಳುತ್ತಿಲ್ಲ. ಇಲ್ಲಿ ಬಡತನವನ್ನೇ ನಿರ್ಲಕ್ಷ್ಯ ಅಂತ ಬರೆದು ಮಕ್ಕಳನ್ನು ಮನೆಯಿಂದ ತಂದದ್ದು ಬಹಳ ಇದೆ. ಮೂಲನಿವಾಸಿ ಕುಟುಂಬಗಳಿಂದ ಎಷ್ಟು ಮಕ್ಕಳನ್ನು ಕಿತ್ತುಕೊಂಡರು ಅಂದರೆ, ಅದನ್ನು ತಡೆಯಲು 1978ರಲ್ಲಿ ಬೇರೆ ಕಾನೂನೇ ಮಾಡಬೇಕಾಯಿತು. ಈ ವಿಷಯದಲ್ಲಿ ನಮ್ಮ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆ ನನಗೆ ಇಷ್ಟ. ಕಷ್ಟದಲ್ಲಿರುವ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಕೊಟ್ಟು ಮನೆಯಲ್ಲೇ ಉಳಿಸುವ ದಾರಿ ಅದರಲ್ಲಿದೆ. ಹತ್ತಿ ಬಿಡಿಸಲು ಟಂಟಂನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವ ಯಾದಗಿರಿಯ ಹಳ್ಳಿಗಳಲ್ಲಿ ಆ ಹಣ ಸಮಯಕ್ಕೆ ಸರಿಯಾಗಿ ಮುಟ್ಟಿದರೆ ಎಷ್ಟೋ ಕೇಸು ಸಮಿತಿಯ ಮೆಟ್ಟಿಲೇ ಹತ್ತುವುದಿಲ್ಲ.

ಈಗಲೇ ಮಾಡಬಹುದಾದ ಒಂದು ಕೆಲಸವೂ ಇದೆ. ಅಮೆರಿಕದಲ್ಲಿ ಈ ಅನುದಾನದ ಒಂದು ಭಾಗ ಹೆತ್ತವರ ಪರ ವಕೀಲರನ್ನು ತಯಾರು ಮಾಡಲು ಹೋಗುತ್ತದೆ. ಒಳ್ಳೆಯ ವಕೀಲರಿದ್ದರೆ ಮಕ್ಕಳು ಬೇಗ ಮನೆ ಸೇರುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮಲ್ಲಿ 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಯಾವ ಹೆಣ್ಣುಮಗಳಿಗಾದರೂ, ಯಾವ ಮಗುವಿಗಾದರೂ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗಬೇಕು. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಎಷ್ಟೋ ತಾಯಂದಿರಿಗೆ ಇದನ್ನು ಹೇಳಿದವರೇ ಇಲ್ಲ ಅಂತ ಅಕ್ಕ ಹೇಳುತ್ತಾಳೆ. ನಿಮ್ಮ ಓಣಿಯಲ್ಲಿ, ನಿಮ್ಮ ತಾಂಡಾದಲ್ಲಿ ಮಗು ಬಾಲಮಂದಿರದಲ್ಲಿದೆ ಅಂತ ಅಳುವ ತಾಯಿ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಆಗದಿದ್ದರೆ 15100ಕ್ಕೆ ಫೋನ್ ಮಾಡಿಸಿ. ಅಪಾಯದಲ್ಲಿರುವ ಮಗು ಕಂಡರೆ 1098. ಆ ತಾಯಿಯ ಜೊತೆ ಹೋದಾಗ ಮುಂದಿನ ತಾರೀಖು ಯಾವಾಗ ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಂಡು ಅವಳ ಕೈಗೆ ಕೊಡಿ.